ಪೇರಳೆ ಹಲಗೆಯ ಮುಖಗಳು

ಬೆಳಕು ಹರಿಯುವ ಹೊತ್ತು. ಬಂದರಿನ ಹತ್ತಿರದ ಮುದ್ರಣಾಲಯದ ಕಿಟಕಿಯಲ್ಲಿ ದೇವದಾಸ್ ಪೇರಳೆ ಮರದ ಹಲಗೆಯನ್ನು ಓರೆಯಾಗಿ ಹಿಡಿದು ಕೆತ್ತುತ್ತಿದ್ದಾರೆ. ಕಣ್ಣಿಗೆ ಪೊರೆ ಬಂದಿದೆ. ಬಿಸಿಲೇರಿದರೆ ಗೆರೆ ಕಾಣದು. ನಾವು ಪತ್ರಿಕೆಯಲ್ಲಿ ನೋಡುವ ಚಿತ್ರಗಳ ಅಚ್ಚು ಇವರ ಕೈಯದೇ. ಹೆಸರು ಮಾತ್ರ ಒಮ್ಮೆಯೂ ಅಚ್ಚಾಗಿಲ್ಲ.

ಈ ವಾರ ಎದುರಿಗಿರುವುದು ಯುರೋಪಿನಿಂದ ಬಂದ ಫೋಟೋ. ಯುದ್ಧದ ಕೊನೆಗೆ ಬಯಲಾದ, ನಾಜಿಗಳು ಯಹೂದಿಗಳನ್ನು ಕೂಡಿಹಾಕಿ ಕೊಂದ ಶಿಬಿರ. ಮುಳ್ಳುತಂತಿಯ ಹಿಂದೆ ಗಂಡಸರ ಸಾಲು, ಬರೀ ಎಲುಬು. ಯಜಮಾನ ಮಹಾಬಲ ಶೆಟ್ಟರು ಇಂಗ್ಲಿಷ್ ವರದಿಯನ್ನು ಓದಿ ಹೇಳಿದ್ದಾರೆ: ಅಲ್ಲಿ ಮನುಷ್ಯನಿಗೆ ಹೆಸರಿಲ್ಲ, ನಂಬರು. ಹೆಣಗಳ ಲೆಕ್ಕ, ಸರಕಿನ ಹಾಗೆ, ‘ಇಷ್ಟು ನಗ’ ಎಂದು. ಕೊಲ್ಲುವುದಕ್ಕೆ ‘ವಿಶೇಷ ಉಪಚಾರ’ ಎಂಬ ಮಾತು.

ಕಸುಬಿನಲ್ಲಿ ಒಂದು ಸುಲಭದ ದಾರಿ ಇದೆ. ಗುಂಪಿನ ಚಿತ್ರವಾದರೆ ಒಂದೇ ತಲೆ ಕೆತ್ತಿ ಅದನ್ನೇ ಸಾಲಾಗಿ ಒತ್ತುವುದು. ಸಭೆ, ಮೆರವಣಿಗೆಗಳಿಗೆ ಇವರೂ ಹಾಗೇ ಮಾಡಿದವರು. ಶನಿವಾರಕ್ಕೆ ಅಚ್ಚು ಬೇಕಾದ ಶೆಟ್ಟರು ಈಗಲೂ ಅದನ್ನೇ ಹೇಳುತ್ತಾರೆ. ಇವರು ಮಾತ್ರ ಹಠ ಹಿಡಿದು ಒಬ್ಬೊಬ್ಬನ ಮುಖವನ್ನೂ ಬೇರೆಯಾಗಿ ಕೆತ್ತುತ್ತಿದ್ದಾರೆ. ಯಾಕೆಂದರೆ ಹೇಳುತ್ತಾರೆ:

“ಅಲ್ಲಿ ಕೊಂದವರು ಮಾಡಿದ್ದೂ ಅದನ್ನೇ ಅಲ್ವಾ, ಎಲ್ಲರನ್ನೂ ಒಂದೇ ಅಂತ? ನಾನೂ ಹಾಗೇ ಮಾಡಿದ್ರೆ ಎಂತ ವ್ಯತ್ಯಾಸ ಉಂಟು ಮಾರಾಯ್ರೆ?”

ಇವರದು ಉಳ್ಳಾಲದ ಮೀನುಗಾರರ ಮನೆ. ತಂದೆ ಅಂಗಾರ ಒಂದು ಮಳೆಗಾಲ ಕಡಲಿನಿಂದ ಹಿಂತಿರುಗಲಿಲ್ಲ. ಬಂದರು ಕಚೇರಿಯವರು ಹೇಳಿದ್ದು ಇಷ್ಟೇ: ದೋಣಿ ನಷ್ಟ, ಆಳುಗಳ ಸಹಿತ. ಯಾವ ಆಳು ಎಂದು ತಾಯಿ ಮತ್ತೆ ಮತ್ತೆ ಕೇಳುತ್ತಿದ್ದದ್ದು ಇವರಿಗೆ ಇನ್ನೂ ನೆನಪಿದೆ.

ಮೀನಿನ ಬುಟ್ಟಿ ಹೊತ್ತು ಸಂಸಾರ ತೂಗಿಸುವ ಹೆಂಡತಿ ವಾರಿಜಾಕ್ಷಿಗೆ ಬೇರೆಯೇ ಭಯ. “ಇದೊಂದು ಚಿತ್ರಕ್ಕೆ ಇದ್ದ ಕಣ್ಣೂ ಹೋದ್ರೆ ನಾಳೆ ಇವ್ರು ಎಂತ ಮಾಡ್ತಾರೆ?” ಎನ್ನುತ್ತಾರೆ.

ಶನಿವಾರ ಬಂದಿದೆ. ಒಬ್ಬ ಉಳಿದಿದ್ದಾನೆ, ಸಾಲಿನ ಕೊನೆಯವನು. ದೇವದಾಸ್ ಫೋಟೋವನ್ನು ಮೂಗಿನ ಹತ್ತಿರ ತರುತ್ತಾರೆ, ದೂರ ಹಿಡಿಯುತ್ತಾರೆ. ಕಣ್ಣಲ್ಲಿ ನೀರು ತುಂಬಿ ಏನೂ ಕಾಣುವುದಿಲ್ಲ. ಪಕ್ಕದವನ ಮುಖವನ್ನೇ ಅಲ್ಲಿ ಒತ್ತಿಬಿಡೋಣ, ಯಾರಿಗೆ ಗೊತ್ತಾಗುತ್ತದೆ ಎಂದು ಶೆಟ್ಟರು ಮೆಲ್ಲಗೆ ಹೇಳುತ್ತಾರೆ. ದೇವದಾಸ್ ಉಳಿಯನ್ನು ಕೆಳಗಿಡುತ್ತಾರೆ. ಕೆತ್ತದ ಮರ ಅಚ್ಚಿನಲ್ಲಿ ಕಪ್ಪಾಗಿ ಮೂಡುತ್ತದೆ; ಹಾಗೇ ಮೂಡಲಿ ಎಂಬುದಷ್ಟೇ ಅವರ ಬೇಡಿಕೆ.

“ಅವನ ಮುಖ ನನಗೆ ಕಾಣ್ಲಿಲ್ಲ ಶೆಟ್ರೇ. ಇನ್ನೊಬ್ಬನದ್ದು ಹಾಕ್ಬೇಡಿ. ಅವನ ಜಾಗ ಅವನಿಗೇ ಇರ್ಲಿ.”