ಮೈಕಿನಲ್ಲಿ ಕರೆದ ಊರು

ಇದನ್ನು ಹೇಳುವುದನ್ನು ನಾನು ವರ್ಷಗಳಿಂದ ಮುಂದೂಡುತ್ತ ಬಂದಿದ್ದೇನೆ. ಮಳೆಗಾಲ ಮುಗಿಯಲಿ ಎಂದೆ, ಕಣ್ಣಿನ ಪೊರೆಯ ಆಪರೇಶನ್ ಆಗಲಿ ಎಂದೆ, ಮೊಮ್ಮಗಳ ಮದುವೆ ಕಳೆಯಲಿ ಎಂದೆ. ಎಲ್ಲವೂ ಕಳೆಯಿತು. ಇನ್ನು ನೆಪ ಉಳಿದಿಲ್ಲ. ಯಾರ ಎದುರು ನಿಂತು ತಪ್ಪಾಯಿತು ಎನ್ನಬೇಕಿತ್ತೋ ಅವನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಒಮ್ಮೆ ಎಲ್ಲರ ಎದುರು ಅವನನ್ನು ಕೂಗಿ ಕರೆದದ್ದೇ ಸಾಕು.

ನಾನು ಶಿರಾಲಿಯವನು. ಎಸ್ಸೆಸ್ಸೆಲ್ಸಿ ಮುಗಿಸಿದವನು ಹೆದ್ದಾರಿಯ ಪಕ್ಕದಲ್ಲಿ ಮೈಕ್ ಸೆಟ್ ಬಾಡಿಗೆಗೆ ಕೊಡುವ ಅಂಗಡಿ ಇಟ್ಟೆ. ಮದುವೆ, ಮುಂಜಿ, ಚುನಾವಣೆ, ಎಲ್ಲದಕ್ಕೂ ನನ್ನ ಪೆಟ್ಟಿಗೆಗಳೇ ಹೋಗುತ್ತಿದ್ದವು. ಒಂದು ಸಲ ಮಾವಳ್ಳಿಯ ಕಬಡ್ಡಿ ಪಂದ್ಯಕ್ಕೆ ಸೆಟ್ ಹಾಕಲು ಹೋದಾಗ ವಿವರಣೆ ಹೇಳುವವನು ಬರಲಿಲ್ಲ. ಮೈಕ್ ನನ್ನದೇ ಆದ್ದರಿಂದ ನಾನೇ ಹಿಡಿದೆ. ಆಮೇಲೆ ಮೂವತ್ತೈದು ವರ್ಷ ಭಟ್ಕಳ, ಹೊನ್ನಾವರ, ಕುಮಟಾ ಮೂರೂ ತಾಲೂಕಿನ ಗದ್ದೆಗಳಲ್ಲಿ, ಶಾಲೆಯ ಬಯಲುಗಳಲ್ಲಿ ನನ್ನದೇ ದನಿ.

ನಮ್ಮ ಕಡೆಯ ಪಂದ್ಯಗಳಲ್ಲಿ ಒಂದು ರೂಢಿ ಇತ್ತು. ಆಟಗಾರನನ್ನು ಮೈಕಿನಲ್ಲಿ ಅವನ ಹೆಸರಿನಿಂದ ಕರೆಯುತ್ತಿರಲಿಲ್ಲ, ಊರಿನಿಂದ ಕರೆಯುತ್ತಿದ್ದೆವು. ದಾಳಿಗೆ ಹೋಗುವವನು ಮಾವಳ್ಳಿಯವನಾದರೆ ‘ಮಾವಳ್ಳೀ...’ ಎಂದು ಎಳೆಯಬೇಕು. ಆಗ ಬಯಲಿನ ಯಾವುದೋ ಮೂಲೆಯಲ್ಲಿ ಆ ಊರಿನವರೆಲ್ಲ ಎದ್ದು ನಿಲ್ಲುತ್ತಿದ್ದರು. ಆಡುತ್ತಿರುವುದು ಅವನೊಬ್ಬನೇ ಅಲ್ಲ ಎಂಬುದು ಆ ಒಂದು ಕೂಗಿನಲ್ಲಿರುತ್ತಿತ್ತು. ಕೂಗಿದ ಮೇಲೆ ಹಿಂದೆ ಸರಿದವನನ್ನು ನಾನು ಕಂಡಿಲ್ಲ. ಜ್ವರ ಬಂದವನೂ ಲುಂಗಿ ಬಿಚ್ಚಿ ಚಡ್ಡಿಯಲ್ಲಿ ಅಂಗಣಕ್ಕೆ ಇಳಿಯುತ್ತಿದ್ದ. ಗೆದ್ದವನಿಗೆ ಚಪ್ಪರದ ಕಂಬಕ್ಕೆ ಕಟ್ಟಿದ ಬಾಳೆಗೊನೆ. ಸೋತವನಿಗೆ ಊರಿನವರ ಬೈಗುಳ.

ಹೆದ್ದಾರಿ ಅಗಲವಾದಾಗ ನನ್ನ ಅಂಗಡಿ ಹೋಯಿತು. ಪೆಟ್ಟಿಗೆಗಳನ್ನು ಮನೆಯ ಜಗಲಿಯಲ್ಲಿ ಒಟ್ಟಿದೆ. ಹೊಸ ಹುಡುಗರು ಹೊಸ ಸೆಟ್ ತಂದಿದ್ದರು. ಪಂದ್ಯಕ್ಕೆ ಕರೆಯುವವರು ಕಡಿಮೆಯಾಗಿದ್ದರು. ಲೀಗಿನವರು ನನ್ನನ್ನು ಹುಡುಕಿಕೊಂಡು ಬಂದದ್ದು ಆ ಸಮಯದಲ್ಲಿ.

ಬೇರೆ ಕಡೆ ಆರೆಂಟು ತಂಡ ಕಟ್ಟಿ ನಡೆಸುತ್ತಿದ್ದ ಕಬಡ್ಡಿ ಲೀಗು ಅದು. ಆಟಗಾರರಿಗೆ ಸಂಬಳ, ಮ್ಯಾಟಿನ ಅಂಗಣ, ಟಿವಿಯಲ್ಲಿ ನೇರ ಪ್ರಸಾರ. ಈಗ ನಮ್ಮ ಕರಾವಳಿಗೂ ಒಂದು ತಂಡ ಬೇಕೆಂದು ಹೊರಟಿದ್ದರು. ಹೊನ್ನಾವರದ ಒಂದು ಹೋಟೆಲಿನ ಮಹಡಿಯಲ್ಲಿ ಮೂರೂ ತಾಲೂಕಿನ ಕಬಡ್ಡಿಯವರನ್ನು ಸೇರಿಸಿದರು. ಅವರ ಮ್ಯಾನೇಜರ್ ತೆಳ್ಳಗಿನ ಯುವಕ, ಬೆಂಗಳೂರಿನ ಮಾತು. ಗೋಡೆಯ ಮೇಲೆ ಪ್ರೊಜೆಕ್ಟರಿನಲ್ಲಿ ನಕ್ಷೆ ಬಿಟ್ಟು, ನಮ್ಮ ಊರುಗಳ ಸುತ್ತ ಒಂದು ಕೆಂಪು ವೃತ್ತ ತೋರಿಸಿದ.

“ಇಲ್ಲಿ ಆಟ ಇದೆ, ಜನ ಇದ್ದಾರೆ, ಟೀಮ್ ಇಲ್ಲ. ಟೀಮ್ ಇಲ್ಲದ ಜಾಗದಲ್ಲಿ ಜನ ಬೇರೆಯವರ ಟೀಮಿಗೆ ಚಪ್ಪಾಳೆ ಹೊಡೀತಾರೆ. ನಮಗೆ ಆ ಚಪ್ಪಾಳೆ ಬೇಕು,” ಎಂದ.

ತಂಡಕ್ಕೆ ಯಾವ ಊರಿನ ಹೆಸರು ಎಂಬಲ್ಲಿಗೆ ಮಾತು ನಿಂತಿತು.

“ಭಟ್ಕಳ ಹೇಳಿ ಇಟ್ರೆ ಕುಮಟೆಯವ ಒಬ್ಬನೂ ಬರೂದಿಲ್ಲ, ಈಗಲೇ ಹೇಳ್ತೆ,” ಎಂದರು ಕುಮಟಾದಿಂದ ಬಂದಿದ್ದ ಹಳೇ ಆಟಗಾರರೊಬ್ಬರು.

“ಹೊನ್ನಾವರ ಇಡಿ. ನಡು ಮಧ್ಯ ಇರೂದು ನಾವೇ.”

“ನಡು ಮಧ್ಯ ಇರೂದು ನಿಮ್ಮ ಸೇತುವೆ, ಮಾರಾಯ. ಅದರ ಮೇಲೆ ಬಸ್ಸು ಓಡ್ತದೆ, ನಿಲ್ಲೂದಿಲ್ಲ!”

ಎಲ್ಲರೂ ನಕ್ಕರು. ಮ್ಯಾನೇಜರ್ ನಗಲಿಲ್ಲ, ಪುಸ್ತಕದಲ್ಲಿ ಬರೆದುಕೊಂಡ. ಕೊನೆಗೆ ಮೂರೂ ಊರುಗಳನ್ನು ಬಿಟ್ಟು ಸಮುದ್ರದ ಹೆಸರಿಟ್ಟರು. ಸಮುದ್ರ ಯಾರ ತಾಲೂಕೂ ಅಲ್ಲವಲ್ಲ. ಪಂದ್ಯ ಮಾತ್ರ ಭಟ್ಕಳದಲ್ಲೇ ಎಂದಾಯಿತು.

ಚಹಾ ಕುಡಿಯುವಾಗ ಮ್ಯಾನೇಜರ್ ನನ್ನನ್ನು ಪಕ್ಕಕ್ಕೆ ಕರೆದ. “ಅಂಕಲ್, ಇಲ್ಲಿ ಎಲ್ಲರಿಗೂ ಗೊತ್ತಿರೋದು ನಿಮ್ಮ ವಾಯ್ಸ್ ಅಂತೆ. ಮೈಕ್ ನಿಮಗೇ. ಒಂದು ಸಹಾಯ ಮಾಡಿ. ಭಟ್ಕಳಕ್ಕೆ ಕುಮಟಾದ ಜನ ಬರಬೇಕಾದ್ರೆ ಕುಮಟಾದ ಒಂದು ಮುಖ ಬೇಕು. ಯಾರಿದ್ದಾರೆ?”

ನಾನು ತಡ ಮಾಡದೆ ಹೇಳಿದೆ. ಕುಮಟಾ ಹತ್ತಿರದ ಕಾಗಾಲದಲ್ಲಿ ಒಬ್ಬನಿದ್ದ. ತೆಂಗಿನಕಾಯಿ ಕೊಯ್ಯಲು ಮರ ಹತ್ತುವವನು. ಮೂವತ್ತು ದಾಟಿತ್ತು, ಎರಡು ಮಕ್ಕಳಿದ್ದವು. ಲೀಗಿಗೆ ಹೋಗುವ ವಯಸ್ಸಲ್ಲ. ಆದರೆ ಮರ ಹತ್ತಿ ಹತ್ತಿ ಅವನ ಕಾಲಿಗೆ ಬಂದಿದ್ದ ಬಲ ನಾನು ಬೇರೆಯವರಲ್ಲಿ ನೋಡಿರಲಿಲ್ಲ. ನಾಲ್ಕು ಜನ ಹಿಡಿದರೂ ಎಳೆದುಕೊಂಡು ನಡುಗೆರೆ ಮುಟ್ಟುತ್ತಿದ್ದ. ‘ಕಾಗಾಲ’ ಎಂದು ನಾನು ಎಳೆದರೆ ಕುಮಟಾದ ಜನ ಕುರ್ಚಿ ಬಿಟ್ಟು ಏಳುತ್ತಿದ್ದರು.

ಅವನನ್ನು ಒಪ್ಪಿಸಲು ನಾನೇ ಹೋದೆ. ಅವನು ಮರದ ಮೇಲಿಂದಲೇ ಕೇಳಿದ, “ಎಂತ ಅಣ್ಣಾ, ಇಷ್ಟು ದೂರ?”

“ಟಿವಿಲಿ ಬರ್ತ್ಯಾ ತಮಾ?”

“ಟಿವಿಲಿ ಬಂದ್ರೆ ಮರ ಯಾರು ಹತ್ತೂದು?”

“ಎರಡು ತಿಂಗಳ ಆಟ. ಆಮೇಲೆ ಹತ್ತು.”

ಅವನು ಕೆಳಗಿಳಿದು, ಕೈಯ ಸಿಪ್ಪೆ ಒರೆಸಿಕೊಂಡು ನಕ್ಕ. “ನೀವು ಹೇಳಿದ್ರೆ ಆತು.”

ಕರಾರಿನಲ್ಲಿ ಒಂದು ಮಾತಿತ್ತು. ಆಟದಲ್ಲಿ ಪೆಟ್ಟಾದರೆ ಆಸ್ಪತ್ರೆಯ ಖರ್ಚು ಲೀಗಿನದು. ಪೆಟ್ಟನ್ನು ಮುಚ್ಚಿಟ್ಟು ತಾನಾಗಿ ಅಂಗಣಕ್ಕಿಳಿದರೆ ಅದು ಆಟಗಾರನ ಹೊಣೆ. ಅದನ್ನು ಅವನಿಗೆ ಓದಿ ಹೇಳಿದವನೂ ನಾನೇ.

ಲೀಗು ಬಂತು. ನಮ್ಮ ಆಟಗಾರರು ಆ ಎರಡು ತಿಂಗಳು ಊರ ಪಂದ್ಯ ಆಡಬಾರದೆಂದು ಕರಾರು ಇದ್ದುದರಿಂದ ಮಾವಳ್ಳಿಯವರೂ ಶಿರಾಲಿಯವರೂ ಆ ವರ್ಷ ಪಂದ್ಯವನ್ನೇ ಇಡಲಿಲ್ಲ. ಶಾಲೆಯ ಮಕ್ಕಳಿಗೆ ಬಣ್ಣದ ಅಂಗಿ ಹಂಚಿದರು. ಕುಮಟಾದಿಂದ ಬಿಟ್ಟಿ ಬಸ್ಸು ಬಿಟ್ಟರು. ನನಗೆ ಇಸ್ತ್ರಿ ಮಾಡಿದ ಕೋಟು ಕೊಟ್ಟರು. ಜೊತೆಗೆ ಒಂದು ಹಾಳೆಯನ್ನೂ ಕೊಟ್ಟರು. ಆಟಗಾರರನ್ನು ಊರಿನಿಂದ ಕರೆಯಬಾರದು, ತಂಡದ ಹೆಸರು ಹೇಳಬೇಕು ಎಂದು ಅದರಲ್ಲಿತ್ತು.

“ಹಳ್ಳಿ ಹೆಸರು ಟಿವಿಲಿ ಯಾರಿಗೆ ಅರ್ಥ ಆಗುತ್ತೆ ಅಂಕಲ್?” ಎಂದ ಮ್ಯಾನೇಜರ್.

ನಾನು ಒಪ್ಪಿದೆ. ಮೂವತ್ತೈದು ವರ್ಷದ ರೂಢಿಯನ್ನು ಒಂದು ಹಾಳೆಗೆ ಬಿಟ್ಟುಕೊಟ್ಟೆ. ಕೋಟು ಚೆನ್ನಾಗಿತ್ತು.

ನಾಲ್ಕನೆಯ ಪಂದ್ಯ. ಸಂಜೆಯ ಆಟ. ಮೊದಲರ್ಧದಲ್ಲೇ ಕಾಗಾಲದವನು ಹಾರಿ ಇಳಿಯುವಾಗ ಬಲಗಾಲು ಮ್ಯಾಟಿನಲ್ಲಿ ಕಚ್ಚಿ ಮಂಡಿ ತಿರುಚಿತು. ಮಣ್ಣಾಗಿದ್ದರೆ ಕಾಲು ಜಾರುತ್ತಿತ್ತು, ಮ್ಯಾಟು ಬಿಡುವುದಿಲ್ಲ. ಕುಂಟದೆಯೇ ಹೊರಗೆ ಬಂದು ಬೆಂಚಿನಲ್ಲಿ ಕೂತ. ತಂಡದ ತರಬೇತುದಾರರು ಉತ್ತರದವರು, ಹಿಂದಿ ಬಿಟ್ಟು ಬೇರೆ ಮಾತು ಬಾರದು. ಇವನು ಕೈಸನ್ನೆಯಲ್ಲಿ ಸ್ವಲ್ಪ ಕೂರುತ್ತೇನೆ ಎಂದ. ಅವರು ದಣಿವೆಂದುಕೊಂಡರು.

ದ್ವಿತೀಯಾರ್ಧದಲ್ಲಿ ನಮ್ಮ ತಂಡ ಸೋಲುತ್ತಿತ್ತು. ಕುಮಟಾದವರ ಸಾಲಿನಲ್ಲಿ ಜನ ಎದ್ದು ಹೊರಡತೊಡಗಿದರು. ತಮ್ಮವನು ಬೆಂಚಿನಲ್ಲಿ ಕೂತಿರುವಾಗ ಅವರಿಗೆ ಅಲ್ಲೇನು ಕೆಲಸ? ಮ್ಯಾನೇಜರ್ ನನ್ನ ಮೇಜಿನ ಬಳಿ ಬಂದು ಬಗ್ಗಿದ.

“ಅಂಕಲ್, ಆ ಕಡೆ ಖಾಲಿ ಆಗ್ತಾ ಇದೆ. ಕ್ಯಾಮೆರಾದಲ್ಲಿ ಬರೀ ಕುರ್ಚಿ ಕಾಣುತ್ತೆ. ಮುಂದಿನ ವರ್ಷ ಕುಮಟಾದಲ್ಲೇ ಪಂದ್ಯ ಇಡೋಣ ಅಂತಿದ್ದಾರೆ, ಇದನ್ನ ನೋಡಿದ್ರೆ ಇಡ್ತಾರಾ? ಏನಾದ್ರೂ ಮಾಡಿ. ನಿಮ್ಮ ಹಳೇ ಸ್ಟೈಲಲ್ಲೇ ಮಾಡಿ, ಪರವಾಗಿಲ್ಲ.”

ನಾನು ಬೆಂಚಿನ ಕಡೆ ನೋಡಿದೆ. ಮೈಕಿನ ಮೇಜಿಗೂ ಬೆಂಚಿಗೂ ನಡುವೆ ಮ್ಯಾಟಿನ ಅಗಲ ಮಾತ್ರ. ಅವನು ನನ್ನನ್ನೇ ನೋಡುತ್ತಿದ್ದ. ನಾನು ಮೈಕ್ ಎತ್ತಿದ್ದು ಕಂಡಿತು ಅವನಿಗೆ. ಏನು ಬರಲಿದೆ ಎಂದೂ ಗೊತ್ತಾಯಿತು. ಅಂಗೈಯನ್ನು ಮಂಡಿಯ ಮೇಲಿಟ್ಟು, ತಲೆಯನ್ನು ಮೆಲ್ಲಗೆ ಆಡಿಸಿದ. ಬೇಡ ಎಂದು.

ನಾನು ಕೂಗಿದೆ. “ಕಾಗಾಲಾ...”

ಎರಡನೆಯ ಸಲ ಕೂಗುವಷ್ಟರಲ್ಲಿ ಹೊರಟವರು ನಿಂತರು. ಮೂರನೆಯ ಸಲಕ್ಕೆ ಆ ಸಾಲೇ ಕೂಗತೊಡಗಿತು. ಅವನು ಒಂದು ಗಳಿಗೆ ನೆಲ ನೋಡಿದ. ಆಮೇಲೆ ಮೈಮೇಲಿದ್ದ ಜಾಕೀಟು ತೆಗೆದು ಬೆಂಚಿನ ಮೇಲಿಟ್ಟು ಎದ್ದು ನಿಂತ. ತರಬೇತುದಾರರು ಖುಷಿಯಿಂದ ಬೆನ್ನು ತಟ್ಟಿ ಒಳಗೆ ಕಳಿಸಿದರು.

ಒಂದೇ ದಾಳಿ. ಮೂಲೆಯವನನ್ನು ಮುಟ್ಟಿದ, ತಿರುಗಿದ, ನಡುಗೆರೆಗೆ ಹಾರಿದ. ಬಲಗಾಲು ಅವನ ಕೆಳಗೆ ಮಡಚಿತು, ಮಡಚಬಾರದ ದಿಕ್ಕಿಗೆ. ಕೈ ಗೆರೆಯನ್ನು ಮುಟ್ಟಿತ್ತು. ನಾನು ಮೈಕಿನಲ್ಲಿ “ಅಂಕ!” ಎಂದು ಕೂಗಿದೆ. ಅವನು ಏಳುತ್ತಿಲ್ಲ ಎಂಬುದು ತಲೆಗೆ ಹೋಗುವ ಮೊದಲು ಇನ್ನೊಮ್ಮೆ ಕೂಗಿದ್ದೆ.

ಮಂಗಳೂರಿನ ಆಸ್ಪತ್ರೆಯಲ್ಲಿ ಮಂಡಿಯ ಒಳಗಿನ ಕಟ್ಟು, ಲಿಗಮೆಂಟು, ಹರಿದಿದೆ ಎಂದರು. ಆಪರೇಶನ್ ಬೇಗ ಆಗಬೇಕು, ಇಲ್ಲದಿದ್ದರೆ ಕಾಲು ಮೊದಲಿನಂತಾಗದು ಎಂದರು. ಖರ್ಚು ಯಾರದು ಎಂಬ ಪ್ರಶ್ನೆ ಅಲ್ಲಿ ಎದ್ದಿತು.

ಮೂರನೆಯ ದಿನ ಭಟ್ಕಳದ ಲಾಡ್ಜಿನಲ್ಲಿ ಮ್ಯಾನೇಜರ್ ಒಂದು ಕಾಗದ ಮುಂದಿಟ್ಟ. ಆಟಗಾರ ಮೊದಲೇ ಆದ ಪೆಟ್ಟನ್ನು ಮುಚ್ಚಿಟ್ಟಿದ್ದ, ತಾನಾಗಿ ಎದ್ದು ಹೋದ ಎಂದು ಬರೆದಿತ್ತು. ಕೆಳಗೆ ಸಾಕ್ಷಿಯ ಸಹಿಗೆ ಜಾಗ.

“ಕೋಚ್ ಗೊತ್ತಿಲ್ಲ ಅಂತಾರೆ. ಬೆಂಚಿನ ಎದುರಿಗೆ ಕೂತಿದ್ದವರು ನೀವೊಬ್ಬರೇ. ಅವನು ಬೇಡ ಅಂದ ಅಂತ ನಿಮಗೇನಾದ್ರೂ ಕಾಣಿಸ್ತಾ?”

ಕಂಡಿತು ಎಂದಿದ್ದರೆ ಸಾಕಿತ್ತು. ಲೀಗಿನ ಕೋಟು ಹಾಕಿದವನೇ, ಬೇಡವೆಂದವನನ್ನು ಕೂಗಿ ಇಳಿಸಿದ ಎಂದಾಗುತ್ತಿತ್ತು. ಖರ್ಚು ಲೀಗಿನ ಮೇಲೆ ಬೀಳುತ್ತಿತ್ತು. ನನ್ನ ಮೈಕ್ ಹೋಗುತ್ತಿತ್ತು. ಮ್ಯಾನೇಜರ್ ಕುಮಟಾದ ಮಾತನ್ನು ಮತ್ತೆ ತೆಗೆದ. ಮುಂದಿನ ವರ್ಷ ದೊಡ್ಡ ಬಯಲು, ಹೆಚ್ಚು ಜನ, ಮೈಕ್ ನಿಮ್ಮದೇ ಎಂದ.

“ಇಲ್ಲ, ಕಾಣ್ಲಿಲ್ಲ,” ಎಂದು ಸಹಿ ಹಾಕಿದೆ. ನನ್ನ ಸಹಿ ಚೆಂದ ಎಂದು ಹೈಸ್ಕೂಲಿನಲ್ಲಿ ಮಾಸ್ತರರು ಹೊಗಳುತ್ತಿದ್ದರು.

ಕುಮಟಾದಲ್ಲಿ ಪಂದ್ಯ ನಡೆಯಲೇ ಇಲ್ಲ. ಆ ವರ್ಷದ ಆಟ ಮುಗಿದದ್ದೇ ಲೀಗಿನವರು ಹೊರಟರು. ಮ್ಯಾಟುಗಳನ್ನು ಸುರುಳಿ ಸುತ್ತಿ ಲಾರಿಗೆ ತುಂಬಿದರು. ನಾನು ಫೋನ್ ಮಾಡಿದಾಗ ಮ್ಯಾನೇಜರ್ ಬೇರೆ ಯಾವುದೋ ಜಿಲ್ಲೆಯಲ್ಲಿದ್ದ. “ಅಲ್ಲಿ ಮಾರ್ಕೆಟ್ ಇಲ್ಲ ಅಂಕಲ್. ಜನ ಬಿಟ್ಟಿ ಬಸ್ಸಿಗೆ ಬರ್ತಾರೆ, ಟಿಕೆಟಿಗೆ ಬರಲ್ಲ,” ಎಂದ. ಸಿಟ್ಟೇನೂ ಇರಲಿಲ್ಲ ಅವನ ದನಿಯಲ್ಲಿ. ವೃತ್ತವನ್ನು ಬೇರೆ ಕಡೆ ಎಳೆದಿದ್ದ, ಅಷ್ಟೇ. ನಿಂತುಹೋದ ಊರ ಪಂದ್ಯಗಳು ಮರುವರ್ಷವೂ ನಿಂತೇ ಇದ್ದವು. ಇಡುವವರ ಉತ್ಸಾಹ ಒಮ್ಮೆ ಕಡಿದರೆ ಮತ್ತೆ ಕೂಡಿಸುವುದು ಕಷ್ಟ.

ಆಪರೇಶನ್ ಆಯಿತು, ತಡವಾಗಿ. ಹೆಂಡತಿಯ ತವರಿನವರು ಸೇರಿ ಮಾಡಿಸಿದರಂತೆ. ನಾನು ಕಾಗಾಲಕ್ಕೆ ಹೋದದ್ದು ಪೆಟ್ಟಾದ ಎಂಟು ತಿಂಗಳಿಗೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಹೇಳಬೇಕಾದದ್ದನ್ನು ಮನಸ್ಸಿನಲ್ಲೇ ಹೇಳಿಕೊಂಡೆ.

ಅವನು ಯಾರದೋ ತೋಟದಲ್ಲಿ ಬಿದ್ದ ಕಾಯಿ ಹೆಕ್ಕಿ ರಾಶಿ ಹಾಕುತ್ತಿದ್ದ. ಮೇಲೆ ಮರದಲ್ಲಿ ಬೇರೆಯವನಿದ್ದ. ಬಲಗಾಲು ಮಡಚುತ್ತಿರಲಿಲ್ಲ. ಒಂದೊಂದು ಕಾಯಿಗೂ ಸೊಂಟದಿಂದ ಪೂರ್ತಿ ಬಗ್ಗಬೇಕಾಗಿತ್ತು. ನನ್ನನ್ನು ಕಂಡವನೇ ಮನೆಗೆ ಕರೆದುಕೊಂಡು ಹೋದ.

“ನೋಡೇ ಯಾರು ಬಂದಾರೆ, ಮೈಕಿನಣ್ಣ!” ಎಂದು ಹೆಂಡತಿಯನ್ನು ಕೂಗಿದ.

ಅವಳು ಚಹಾ ತಂದಳು. “ನಿಮ್ಮ ದನಿ ಕೇಳಿದ್ರೆ ನಮ್ಮ ಮಕ್ಕಳು ಈಗ್ಲೂ ಕುಣೀತಾವೆ,” ಎಂದಳು. ಅದರಲ್ಲಿ ಕುಟುಕು ಇದೆಯೇ ಎಂದು ಮುಖ ನೋಡಿದೆ. ಇರಲಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತು.

ಅವಳು ಒಳಗೆ ಹೋದ ಮೇಲೆ ಅವನು ಕಾಲನ್ನು ಎರಡೂ ಕೈಯಲ್ಲಿ ಎತ್ತಿ ನೆಟ್ಟಗೆ ಇಟ್ಟುಕೊಂಡ.

“ತಪ್ಪು ನಂದೇ ಅಣ್ಣಾ. ಕಾಲು ಕೆಟ್ಟದೆ ಹೇಳಿ ಗೊತ್ತಿತ್ತು. ಊರ ಹೆಸರು ಕೇಳಿದ ಮೇಲೆ ಕೂತ್ಕಂಬೂಕೆ ಆಗ್ಲಿಲ್ಲ.” ಮಂಡಿ ನೀವಿಕೊಳ್ಳುತ್ತ ಕೇಳಿದ, “ನಾ ತಲೆ ಆಡಿಸಿದ್ದು ನಿಮಗೆ ಕಾಣ್ಲಿಲ್ಲ ಅಲ್ದಾ?”

ಅದು ಪರೀಕ್ಷೆ ಅಲ್ಲ. ಅವನಿಗೆ ನಿಜವಾಗಿ ತಿಳಿಯಬೇಕಾಗಿತ್ತು. ಆ ಪ್ರಶ್ನೆಯನ್ನು ಇಟ್ಟುಕೊಂಡು ಅವನು ಎಂಟು ತಿಂಗಳು ಕಳೆದಿದ್ದ.

“ಇಲ್ಲ ತಮಾ,” ಎಂದೆ. “ದೀಪ ಕಣ್ಣಿಗೇ ಹೊಡೀತಿತ್ತು.”

“ಅದೇ,” ಎಂದ ಅವನು. ಅವನ ಭುಜ ಸಡಿಲವಾದದ್ದು ನನಗೆ ಕಾಣಿಸಿತು. “ನಾನೂ ಎಲ್ಲರ ಹತ್ರ ಹಂಗೇ ಹೇಳಿದೆ. ಅಣ್ಣಂಗೆ ಕಂಡಿದ್ರೆ ಕರೀತಿರ್ಲಿಲ್ಲ ಹೇಳಿ.”

ಚಹಾ ಮುಗಿಸಿ ಬಂದೆ. ಗೇಟಿನವರೆಗೆ ಕುಂಟುತ್ತ ಕಳಿಸಲು ಬಂದ. ಬೇಡವೆಂದರೂ ಕೇಳದೆ ಎರಡು ಕಾಯಿ ಚೀಲಕ್ಕೆ ಹಾಕಿದ.

ಅಂದಿನಿಂದ ನಾನು ಮೈಕ್ ಹಿಡಿದಿಲ್ಲ. ಗಂಟಲು ಕೆಟ್ಟಿದೆ ಎಂದು ಕರೆಯಲು ಬಂದವರಿಗೆ ಹೇಳುತ್ತೇನೆ. ಈಗ ಕಾಗಾಲದವರು ಮತ್ತೆ ಮಣ್ಣಿನ ಅಂಗಣ ಹಾಕಿ ಪಂದ್ಯ ಇಡುತ್ತಿದ್ದಾರಂತೆ. ಹೋದ ವಾರ ಅವನದೇ ಫೋನ್ ಬಂದಿತ್ತು.

“ಅಣ್ಣಾ, ಗಂಟಲು ಹೆಂಗದೆ? ಒಂದು ಸಲ ಬಂದು ನಮ್ಮೂರ ಹೆಸರು ಕರೀರಿ. ನೀವು ಕರ್ದಂಗೆ ಬೇರೆಯವರಿಗೆ ಬರೂದಿಲ್ಲ.”

ನೋಡುವಾ ಎಂದೆ. ಫೋನ್ ಇಟ್ಟು, ಕಾಗದ ತೆಗೆದುಕೊಂಡು ಕೂತೆ. ಅವನು ತಲೆ ಆಡಿಸಿದ್ದರ ಬಗ್ಗೆ ಬಾಯಲ್ಲಿ ಎರಡು ಸಲ ಸುಳ್ಳು ಹೇಳಿದ್ದೇನೆ, ಮೂರನೆಯ ಸಲ ಬಾಯನ್ನು ನಂಬಲಾರೆ. ಇದು ಅಚ್ಚಾದರೆ ಒಂದು ಪ್ರತಿ ಅವನ ಮನೆಗೆ ಕಳಿಸುತ್ತೇನೆ. ಹೆಂಡತಿ ಓದಿ ಹೇಳಲಿ. ಆಮೇಲೂ ಅವನು ಪಂದ್ಯಕ್ಕೆ ಕರೆದರೆ ಹೋಗುತ್ತೇನೆ, ಮೈಕ್ ಮಾತ್ರ ಮುಟ್ಟುವುದಿಲ್ಲ. ಕರೆಯದಿದ್ದರೆ ಅದೂ ಸರಿಯೇ.

ತಮಾ, ಅವತ್ತು ದೀಪಗಳೆಲ್ಲ ನನ್ನ ಬೆನ್ನ ಹಿಂದೆ ಇದ್ದವು. ನೀನು ತಲೆ ಆಡಿಸಿದ್ದು ನನಗೆ ಚೆನ್ನಾಗಿ ಕಂಡಿತ್ತು.