ಕೀಮೋ ವಾರದಲ್ಲೂ ಕೆಳಗಿನ ಬೀದಿಗೆ ನೀರು

ಇನ್ನೂ ಬೆಳಕು ಹರಿದಿಲ್ಲ. ಚಿಕ್ಕರಸಿನಕೆರೆಯ ಆಚೆಗಿನ ಈ ಹಳ್ಳಿಯ ನೀರಿನ ಟ್ಯಾಂಕಿನ ಬುಡದಲ್ಲಿ ಪುಟ್ಟಮಾದಯ್ಯ ನಿಂತಿದ್ದಾರೆ. ತಲೆಗೆ ಮಫ್ಲರ್, ಕಾಲಿಗೆ ಸಾಕ್ಸ್, ಕೈಗೆ ಉಣ್ಣೆಯ ಗವಸು. ಚಳಿಗಾಲವೇನೂ ಅಲ್ಲ. ವಾಲ್ವ್ ಗುಂಡಿಯ ಮುಚ್ಚಳ ಸರಿಸಿ ಮಗಳು ನಿಖಿತಾ ಒಳಗೆ ಬಗ್ಗುತ್ತಾಳೆ.

"ಅರ್ಧ ಸುತ್ತು ಸಾಕು ಕಣ್ ಮಗ. ಒಂದೇ ಸಲ ಬುಟ್ಬುಟ್ರೆ ಪೈಪು ಕಿತ್ಕೊಂಡ್ ಓಯ್ತದೆ," ಎನ್ನುತ್ತಾರೆ ಅಪ್ಪ.

ನೆಲದಡಿಯಿಂದ ಗುಳುಗುಳು ಸದ್ದು ಏಳುತ್ತದೆ. ಅದು ಕೆಳಗಿನ ಬೀದಿಯ ಕಡೆ ಇಳಿದು ಹೋಗುವವರೆಗೂ ಇಬ್ಬರೂ ಕಿವಿಗೊಟ್ಟು ನಿಲ್ಲುತ್ತಾರೆ.

ಐವತ್ತನಾಲ್ಕರ ಪುಟ್ಟಮಾದಯ್ಯ ಊರಿನ ನೀರುಗಂಟಿ. ಇಪ್ಪತ್ತು ವರ್ಷಕ್ಕೂ ಮೇಲಾಯಿತು. ಕರೆಂಟು ಬಂದಾಗ ಮೋಟಾರು ಹಾಕಿ ಟ್ಯಾಂಕು ತುಂಬಿಸುವುದು, ಸರದಿಯಂತೆ ಇನ್ನೂರು ಚಿಲ್ಲರೆ ಮನೆಗಳಿಗೆ ನೀರು ಬಿಡುವುದು, ಒಡೆದ ಪೈಪಿಗೆ ತೇಪೆ ಹಾಕುವುದು ಅವರ ಕೆಲಸ. ನೀರು ಹೊತ್ತಿಗೆ ಬಂದರೆ ಅವರ ಹೆಸರನ್ನು ಯಾರೂ ಎತ್ತುವುದಿಲ್ಲ.

ಕಳೆದ ಮಳೆಗಾಲದಲ್ಲಿ ಹೊಟ್ಟೆನೋವು ಶುರುವಾಯಿತು, ರಕ್ತವೂ ಹೋಗತೊಡಗಿತು. ಮೂಲವ್ಯಾಧಿಯೆಂದು ನಾಟಿ ಔಷಧಿ ಕುಡಿದರು. ಕಡೆಗೆ ಹೆಂಡತಿ ರೇವಮ್ಮ ಹಟ ಹಿಡಿದು ಮಂಡ್ಯದ ಆಸ್ಪತ್ರೆಗೆ ಕರೆದೊಯ್ದಾಗ ಗೊತ್ತಾದದ್ದು ದೊಡ್ಡಕರುಳಿನ ಕ್ಯಾನ್ಸರ್. ಆಪರೇಷನ್ ಆಯಿತು. ಆಮೇಲೆ ಕೀಮೋ. ಮೂರು ವಾರಕ್ಕೊಮ್ಮೆ ಬೆಳಗಿನ ಬಸ್ಸಿಗೆ ಮಂಡ್ಯಕ್ಕೆ ಹೋಗಿ ಡ್ರಿಪ್ ಹಾಕಿಸಿಕೊಂಡು ಬರುತ್ತಾರೆ. ಮನೆಗೆ ಬಂದ ಮೇಲೆ ಎರಡು ವಾರ ಮಾತ್ರೆ.

"ಆಸ್ಪತ್ರೇಲಿ ಏನೂ ಗೊತ್ತಾಗಲ್ಲ ಸಾ, ಮಲಗಿರ್ತೀನಿ. ಮನೇಗ್ ಬಂದ್ಮೇಲೆ ಅದ್ರಾಟ. ಬಾಯೆಲ್ಲಾ ತುಕ್ಕು ನೆಕ್ದಂಗೆ. ಮುದ್ದೆ ಮುಂದೆ ಕುಂತ್ರೆ ವಾಕರಿಕೆ. ತಣ್ಣಗಿರೋದ್ ಏನ್ ಮುಟ್ಟುದ್ರೂ ಕರೆಂಟು ವಡೆದಂಗೆ ಆಯ್ತದೆ."

ಅವರಿಗೆ ಕೊಡುವ ಔಷಧಿಯ ಗುಣವೇ ಹಾಗೆ. ಡ್ರಿಪ್ ಹಾಕಿದ ವಾರ ಲೋಹ, ನೀರು, ಬೆಳಗಿನ ಗಾಳಿ ಯಾವುದೂ ಮೈಗೆ ಆಗುವುದಿಲ್ಲ. ಊರಿಗೆಲ್ಲ ನೀರು ಬಿಡುವವರು ಬಿಸಿ ಮಾಡದ ಒಂದು ಗುಟುಕನ್ನೂ ನುಂಗಲಾರರು. ರೇವಮ್ಮ ಫ್ಲಾಸ್ಕ್ ತುಂಬಿಸಿ ಕೊಟ್ಟೇ ಕಳಿಸುತ್ತಾರೆ.

ಊರಿಗೆ ಅವರು ಹೇಳಿದ್ದು ಹರ್ನಿಯಾ ಆಪರೇಷನ್ ಎಂದು. ಕೆಲಸ ಬೇರೆಯವರ ಪಾಲಾದೀತು ಎಂಬ ಭಯ. ತಲೆಕೂದಲೂ ಉದುರಲಿಲ್ಲವಾದ್ದರಿಂದ ಯಾರಿಗೂ ಅನುಮಾನ ಬರಲಿಲ್ಲ.

ಮೂರನೇ ಡ್ರಿಪ್ ಆದ ವಾರ ಆ ಗುಟ್ಟು ಹೊರಬಿತ್ತು. ಗುಂಡಿಯಲ್ಲಿ ನೀರು ನಿಂತು ಗವಸು ನೆನೆದಿತ್ತು. ಅದನ್ನು ಕಳಚಿ ಬರಿಗೈಯಲ್ಲಿ ವಾಲ್ವ್ ತಿರುಗಿಸುವ ಕಬ್ಬಿಣದ ಕೀಲಿ ಹಿಡಿದರು. ಬೆರಳುಗಳು ಸೆಟೆದುಕೊಂಡವು, ಮಡಚಲೂ ಆಗದು, ಬಿಡಿಸಲೂ ಆಗದು. ಕೆಳಗಿನ ಬೀದಿಗೆ ನೀರು ಹೋಗಲೇ ಇಲ್ಲ. ಸ್ವಲ್ಪ ಹೊತ್ತಿಗೆ ಆ ಬೀದಿಯ ಹಿರಿಯಾಕೆ ಚಿಕ್ಕಬೋರಮ್ಮ ಖಾಲಿ ಕೊಡ ಹಿಡಿದು ಬಂದರು.

"ಲೋ ಪುಟ್ಟಮಾದ, ನಿದ್ದೆಗಿದ್ದೆ ಮಾಡ್ತಿದ್ದೀಯೇನ್ಲಾ? ದನ ಬಾಯ್ ಬುಟ್ಕೊಂಡ್ ನಿಂತವೆ!"

ಪುಟ್ಟಮಾದಯ್ಯ ಕೈಗಳನ್ನು ಕಂಕುಳಲ್ಲಿ ಒತ್ತಿಕೊಂಡು ಕುಳಿತಿದ್ದರು. ಮದ್ದೂರಿನ ಗಾರ್ಮೆಂಟ್ಸಿಗೆ ಹೊರಟಿದ್ದ ನಿಖಿತಾ ಕೂಗು ಕೇಳಿ ಬಸ್ಸು ಬಿಟ್ಟು ಓಡಿ ಬಂದಳು.

"ನಮ್ಮಪ್ಪಂಗೆ ಕ್ಯಾನ್ಸರ್ ಕಣಜ್ಜಿ. ಕೈ ಆಡ್ತಿಲ್ಲ."

"ತಲೇಲಿ ಕೂದ್ಲೆಲ್ಲಾ ಅಂಗೇ ಐತಲ್ಲೇ?"

"ಎಲ್ಲಾ ಔಸ್ದಿಗೂ ಉದ್ರಲ್ಲ ಕಣಜ್ಜಿ," ಎಂದವಳೇ ಚೂಡಿದಾರ್ ಎತ್ತಿ ಕಟ್ಟಿ ಗುಂಡಿಗಿಳಿದಳು.

ಅಪ್ಪ ಗದರಿದರು: "ಬುಡು ಮಗ, ಅದು ಎಣ್ಮಕ್ಕಳ ಕೆಲ್ಸ ಅಲ್ಲ. ನೋಡ್ದೋರ್ ಏನಂದಾರು?"

"ನೀರ್ ಇಡ್ಯೋದು ಎಣ್ಮಕ್ಳ ಕೆಲ್ಸ, ಬುಡೋದ್ ಮಾತ್ರ ಗಂಡಸ್ರುದಾ?"

ಚಿಕ್ಕಬೋರಮ್ಮ ಕೊಡ ಇಳಿಸಿದರು. ಆಮೇಲೆ ಮೊದಲಿಗಿಂತ ಜೋರಾಗಿ ಬೈದರು. "ಮೊದ್ಲೇ ಯೋಳಕ್ಕೆ ಏನಾಗಿತ್ತೋ ನಿಂಗೆ? ಒಂದಿನ ನೀರು ತಡ ಆದ್ರೆ ನಾವೇನ್ ಸತ್ತೋಯ್ತಿದ್ವಾ?" ಅಂದೇ ಪಂಚಾಯಿತಿಯವರ ಕಿವಿಗೂ ಹಾಕಿದರು. ಡ್ರಿಪ್ ವಾರದಲ್ಲಿ ಅಪ್ಪನ ಬದಲು ಮಗಳು ನೀರು ಬಿಡಲಿ, ಕೆಲಸ ಅವರದೇ ಇರಲಿ ಎಂದು ತೀರ್ಮಾನವಾಯಿತು.

ಎಲ್ಲರೂ ಹೀಗಿರಲಿಲ್ಲ. ಮೇಲಿನ ಬೀದಿಯ ಎರಡು ಮನೆಯವರು ನೀರಿನಿಂದ ಕಾಯಿಲೆ ಅಂಟುತ್ತದೆಂದು ನಲ್ಲಿ ನೀರು ಬಿಟ್ಟು ಊರಿನ ಕೈಪಂಪಿಗೆ ಹೋಗತೊಡಗಿದರು. ಆ ಮಾತು ಆಪರೇಷನ್ನಿಗಿಂತ ಹೆಚ್ಚು ನೋಯಿಸಿತು ಎನ್ನುತ್ತಾರೆ ಪುಟ್ಟಮಾದಯ್ಯ. ಕೈಪಂಪಿನ ವಾಷರ್ ಹೋದ ಮೇಲೆ ಆ ಮನೆಗಳವರು ತಾವಾಗಿಯೇ ನಲ್ಲಿಗೆ ಬಂದರು. ಪಂಪು ರಿಪೇರಿ ಮಾಡಿದ್ದೂ ಇವರೇ.

ಆರು ಡ್ರಿಪ್ ಮುಗಿದಿವೆ, ಎರಡು ಉಳಿದಿವೆ. ಮೈ ತೂಕ ಇಳಿದಿದೆ. ಬೆರಳ ತುದಿಯ ಜೋಮು ಈಗ ಹೋಗುವುದೇ ಇಲ್ಲ, ಅಂಗಿಯ ಗುಂಡಿ ಹಾಕಲು ರೇವಮ್ಮ ಬೇಕು. ಮಾತ್ರೆಯಿಲ್ಲದ ವಾರದಲ್ಲಿ ಬಸ್ಸಾರು ರುಚಿ ಹತ್ತುತ್ತದೆ. ಆಗ ಎರಡು ಮುದ್ದೆ ಉಂಡು, ಹಗಲೆಲ್ಲ ಪೈಪ್ ಲೈನ್ ನೋಡುತ್ತಾ ಅಡ್ಡಾಡುತ್ತಾರೆ.

"ವಾಸಿ ಆಯ್ತದಾ ಅಂತ ಡಾಕ್ಟ್ರನ್ನ ಕೇಳ್ದೆ. ಮುಗಿಸಿ, ಸ್ಕ್ಯಾನ್ ಮಾಡಿ ಯೋಳ್ತೀವಿ ಅಂದ್ರು. ಅಲ್ಲೀಗಂಟ ಸುಮ್ನೆ ಕುಂತ್ರೆ ಆಯ್ತದಾ ಸಾ?"

ಹೊತ್ತು ಏರಿದೆ. ಫೋಟೋಗೆ ಟ್ಯಾಂಕಿನ ಮುಂದೆ ನಿಲ್ಲಿ ಎಂದಾಗ ಪುಟ್ಟಮಾದಯ್ಯ ಮಫ್ಲರ್ ಬಿಚ್ಚಿ ಕೂದಲು ಸರಿಮಾಡಿಕೊಳ್ಳುತ್ತಾರೆ. ಆಮೇಲೆ ಬಸ್ಸಿಗೆ ಹೊರಟ ಮಗಳನ್ನು ಕೂಗಿ ಕರೆದು ಪಕ್ಕಕ್ಕೆ ನಿಲ್ಲಿಸಿಕೊಳ್ಳುತ್ತಾರೆ.

"ಫೋಟೋ ಕೆಳ್ಗೆ ನೀರುಗಂಟಿ ಅಂತ ಆಕೋದಾದ್ರೆ ಇಬ್ರ ಎಸ್ರೂ ಆಕಿ ಸಾ," ಎನ್ನುತ್ತಾರೆ. "ಅವಳ್ದು ಮೊದ್ಲು."