ಸತ್ತಿದೆ ಎಂದ ಮದರ್‌ಬೋರ್ಡ್

ಮೆಲ್ಕಾರಿನಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ ಇತ್ತು. ಮದುವೆ ಕಾಗದ, ಶಾಲೆಯ ಪ್ರಶ್ನೆಪತ್ರಿಕೆ, ಪಂಚಾಯತಿಗೆ ಕೊಡುವ ಅರ್ಜಿ, ಎಲ್ಲಕ್ಕೂ ಒಂದೇ ಕಂಪ್ಯೂಟರ್. ನನಗೆ ಆ ಕೆಲಸ ಕಲಿಸಿದವನು ದೊಡ್ಡಮ್ಮನ ಮಗ, ನನಗೆ ಅಣ್ಣ. ಬೈಕಿನಲ್ಲಿ ಊರೂರು ತಿರುಗಿ ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದ. ಹೆಣ್ಣುಮಕ್ಕಳಿಗೆ ಅಂಗಡಿ ಯಾಕೆ ಎಂದು ಮನೆಯವರೆಲ್ಲ ತಕರಾರು ಮಾಡಿದಾಗ, "ನಾನಿದ್ದೇನೆ, ಅವಳು ಇಡಲಿ" ಅಂದವನು ಅವನೊಬ್ಬನೇ. ಅಂಗಡಿಯ ಇನ್ನೊಂದು ಕೀಲಿಕೈ ಅವನ ಹತ್ತಿರವೇ ಇರುತ್ತಿತ್ತು.

ವಿಂಡೋಸ್ ಎಕ್ಸ್‌ಪಿ ಬಂದು ಎರಡು ಮೂರು ವರ್ಷವಾಗಿತ್ತು. ಮಳೆಗಾಲಕ್ಕೆ ಮೊದಲಿನ ಒಂದು ಸಂಜೆ ಸಿಡಿಲು ಬಡಿದು ಕಂಪ್ಯೂಟರ್ ಮಲಗಿತು. ಅಣ್ಣ ಬಂದು ಬಿಚ್ಚಿ ನೋಡಿದ.

"ಮದರ್‌ಬೋರ್ಡ್ ಸತ್ತಿದೆ. ಬೇರೆ ಹಾಕುವ."

ಮರುದಿನ ಮಂಗಳೂರಿನಿಂದ ಹೊಸ ಬೋರ್ಡ್, ಅದಕ್ಕೆ ಕರೆಂಟು ಕೊಡುವ ಪವರ್ ಸಪ್ಲೈ ಎರಡನ್ನೂ ತಂದು ಕೂರಿಸಿದ. ಹಳೆಯ ಬೋರ್ಡನ್ನು ಗುಜರಿಗೆ ಹಾಕುತ್ತೇನೆಂದು ಚೀಲಕ್ಕೆ ತುಂಬಿಸಿಕೊಂಡ. ಸ್ವಿಚ್ ಒತ್ತಿದರೆ ವಿಂಡೋಸ್ ಅರ್ಧ ಬಂದು ನೀಲಿ ಪರದೆ. ಪುನಃ ಹಾಕಿದರೆ ಪುನಃ ನೀಲಿ.

"ಹಳೆ ಬೋರ್ಡಿಗೆ ಹೊಂದಿಕೊಂಡ ವಿಂಡೋಸ್ ಇದು, ಹೊಸದರಲ್ಲಿ ಏಳುದಿಲ್ಲ. ಎಲ್ಲ ಅಳಿಸಿ ಫಾರ್ಮ್ಯಾಟ್ ಮಾಡದೆ ಬೇರೆ ದಾರಿ ಇಲ್ಲ."

"ನನ್ನ ಕನ್ನಡ ಸಾಫ್ಟ್‌ವೇರ್?"

"ಅದು ಹೋಗ್ತದೆ."

ಅದನ್ನು ಪುನಃ ಹಾಕಲು ಬೇಕಾದ ಫ್ಲಾಪಿಗೆ ಬೂಷ್ಟು ಹಿಡಿದು ಎಷ್ಟೋ ಕಾಲವಾಗಿತ್ತು. ಅದು ಅವನಿಗೂ ಗೊತ್ತಿತ್ತು. ಕನ್ನಡ ಇಲ್ಲದಿದ್ದರೆ ನನ್ನ ಅಂಗಡಿಯೇ ಇಲ್ಲ ಎಂದೆ.

"ಹಾಗಾದರೆ ಮುಚ್ಚು ಮಾರಾಯ್ತಿ," ಅಂದ ಅವನು, ತೀರಾ ಸಲೀಸಾಗಿ. "ಬಿ.ಸಿ.ರೋಡಿನಲ್ಲಿ ನಾನೂ ನನ್ನ ದೋಸ್ತಿಯೂ ಸೇರಿ ದೊಡ್ಡ ಡಿಟಿಪಿ ತೆಗೆದಿದ್ದೇವೆ. ಅಲ್ಲಿ ಟೈಪಿಂಗಿಗೆ ಬಾ."

ಫಾರ್ಮ್ಯಾಟ್ ಮಾಡಬೇಡ, ಹಾಗೇ ಇರಲಿ ಎಂದೆ. ಮುಖ ದಪ್ಪ ಮಾಡಿಕೊಂಡು ಹೋದ.

ಎರಡು ದಿನ ಬಿಟ್ಟು ಮೂಡುಬಿದಿರೆಯಲ್ಲಿ ಕಂಪ್ಯೂಟರ್ ಪಾಠ ಮಾಡುವ ಟೀಚರೊಬ್ಬರು ತಂಗಿಯ ಮದುವೆ ಕಾಗದ ಮಾಡಿಸಲು ಬಂದರು. ಸಂಗತಿ ಕೇಳಿ ನಕ್ಕರು.

"ಫಾರ್ಮ್ಯಾಟ್ ಯಾಕೆ? ಎಕ್ಸ್‌ಪಿ ಸಿಡಿ ಹಾಕಿ. ಮೊದಲು ಕೇಳುವ ರಿಪೇರಿ ಬೇಡ, ಎಂಟರ್ ಒತ್ತಿ. ಇರುವ ವಿಂಡೋಸನ್ನು ಅದೇ ಹುಡುಕಿ ತೋರಿಸ್ತದೆ. ಆಗ ಆರ್ ಒತ್ತಿ. ನಿಮ್ಮದೆಲ್ಲ ಹಾಗೇ ಇರ್ತದೆ."

ಅವರನ್ನು ಪಕ್ಕದಲ್ಲೇ ಕೂರಿಸಿಕೊಂಡು ನಾನೇ ಒತ್ತಿದೆ. ಮುಕ್ಕಾಲು ಗಂಟೆ ಆಗಿರಬೇಕು. ಕೊನೆಗೆ ನನ್ನ ಹಳೆಯ ಪರದೆ ಬಂತು, ಫೋಲ್ಡರುಗಳು ಇಟ್ಟಲ್ಲೇ ಇದ್ದವು. ಕನ್ನಡ ತೆರೆದು ಒಂದು ಅಕ್ಷರ ಹೊಡೆದೆ, ಮೂಡಿತು. ನನಗೆ ಅಳು ಬಂತು. ಮೊದಲು ಅಣ್ಣನಿಗೆ ಹೇಳಬೇಕೆನಿಸಿತು.

ಮಧ್ಯಾಹ್ನದ ಬಸ್ಸಿಗೆ ಬಿ.ಸಿ.ರೋಡಿಗೆ ಹೋದೆ. ಹೊಸ ಅಂಗಡಿಯಲ್ಲಿ ಅಣ್ಣ ಪ್ರಿಂಟರಿನ ಮುಂದೆ ಬಗ್ಗಿ ನಿಂತಿದ್ದ. ಪಕ್ಕದ ಮೇಜಿನ ಕಂಪ್ಯೂಟರಿಗೆ ಸೆಕೆಗೆಂದು ಮುಚ್ಚಳ ಹಾಕಿರಲಿಲ್ಲ. ಅದರ ಹಿಂಬದಿಯಲ್ಲಿ, ಬೋರ್ಡಿನದೇ ಭಾಗವಾದ ಕೀಬೋರ್ಡ್ ಚುಚ್ಚುವ ತೂತಿನ ಸುತ್ತ ಕೆಂಪು ನೇಲ್ ಪಾಲಿಶ್. ಮೌಸಿನ ತೂತಿಗೂ ಅದಕ್ಕೂ ಗಲಿಬಿಲಿಯಾಗುತ್ತದೆಂದು ಒಮ್ಮೆ ನಾನೇ ಬಳಿದದ್ದು.

"ಇದು ನನ್ನ ಬೋರ್ಡ್."

ಅವನು ತಿರುಗಿ ನೋಡಿದ.

"ಪವರ್ ಸಪ್ಲೈ ಮಾತ್ರ ಸುಟ್ಟದ್ದು, ಬೋರ್ಡಿಗೆ ಏನೂ ಆಗಿರಲಿಲ್ಲ," ಅಂದ. "ನಿನಗೆ ಗೊತ್ತಾಗುದಿಲ್ಲ ಅಂತ ಎಣಿಸಿದೆ. ಇಲ್ಲಿ ಸೇರಿದ್ದರೆ ನಿನಗೂ ಒಳ್ಳೆಯದೇ ಇತ್ತಲ್ಲ?"

ತಪ್ಪಾಯಿತು ಎಂದಿದ್ದರೆ ಆ ಬೋರ್ಡನ್ನು ಅಲ್ಲೇ ಬಿಟ್ಟು ಬರುತ್ತಿದ್ದೆನೋ ಏನೋ. ಅವನು ಒಳ್ಳೆಯದು ಅಂದದ್ದೇ ನನ್ನನ್ನು ಸುಟ್ಟಿತು.

"ಬಿಚ್ಚಿ ಕೊಡು. ನನ್ನ ಅಂಗಡಿಯ ಕೀಲಿಕೈಯನ್ನೂ ಕೊಡು."

ಎರಡನ್ನೂ ಕೊಟ್ಟ. ಬೋರ್ಡನ್ನು ದಿನಪತ್ರಿಕೆಯಲ್ಲಿ ಸುತ್ತಿ, ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ಬಂದೆ.

ಮನೆಯಲ್ಲಿ ಬಾಯಿ ಬಿಡಲಿಲ್ಲ. ಹೇಳಿದ್ದರೆ ಅವರು ಮುಚ್ಚಿಸುತ್ತಿದ್ದದ್ದು ನನ್ನ ಅಂಗಡಿಯನ್ನೇ. ಅಣ್ಣನ ಜೊತೆ ಮಾತು ನಿಂತಿತು. ಆ ವರ್ಷದ ಒಂದು ಮದುವೆಯ ಊಟದ ಪಂಕ್ತಿಯಲ್ಲಿ ದೊಡ್ಡಮ್ಮ ಎಲ್ಲರಿಗೂ ಕೇಳುವಂತೆ ಅಂದರು, "ನಾಲ್ಕಕ್ಷರ ಬಂದ ಮೇಲೆ ಕೆಲವರಿಗೆ ಅಣ್ಣ ಬೇಡ." ಎದುರಿನ ಸಾಲಿನಲ್ಲಿ ಕೂತಿದ್ದ ಅವನು ಅನ್ನ ಕಲಸುತ್ತಲೇ ಇದ್ದ.